ವಾರಾಂತ್ಯದ ಎಂಬಿಎ ಮತ್ತು ತೆರೆದ ಬಾಗಿಲು: ಒಂದು ಕ್ರೈಸ್ತ ವಿಶ್ವವಿದ್ಯಾಲಯದ ಬಿಸಿನೆಸ್ ಸ್ಕೂಲ್‌ನ ಪ್ರಕರಣ ಅಧ್ಯಯನ

ಅಮೆರಿಕದ ದಕ್ಷಿಣದ ರಾಜ್ಯವೊಂದರ ಸಣ್ಣ ಪಟ್ಟಣದಲ್ಲಿರುವ ಖಾಸಗಿ ಕ್ರೈಸ್ತ ವಿಶ್ವವಿದ್ಯಾಲಯವೊಂದು ತನ್ನ ಸ್ನಾತಕೋತ್ತರ ಬಿಸಿನೆಸ್ ಸ್ಕೂಲನ್ನು ಉಳಿಸಿಕೊಳ್ಳಲು ಹಿಡಿದ ದಾರಿ, ಆ ದಾರಿ ತಂದೊಡ್ಡಿದ ಇಕ್ಕಟ್ಟು, ಅದರಿಂದ ಹೊರಬರಲು ತೆತ್ತ ಬೆಲೆ, ಇವು ಈ ಅಧ್ಯಯನದ ವಸ್ತು. ಶಾಲೆಯ ಶೈಕ್ಷಣಿಕ ಪರಿಶೀಲನೆಗೆಂದು ನೇಮಕವಾದ ಹೊರಗಿನ ತಂಡದ ಸದಸ್ಯನಾಗಿ ನಾನು ಅಲ್ಲಿನ ಕಡತಗಳನ್ನು ಓದಿದ್ದೇನೆ. ಡೀನ್, ಬೋಧಕರು, ಆಡಳಿತ ಸಿಬ್ಬಂದಿ ಮತ್ತು ವಿದ್ಯಾರ್ಥಿಗಳೊಂದಿಗೆ ಮಾತನಾಡಿದ್ದೇನೆ. ವ್ಯಕ್ತಿ, ಊರು, ಪಂಥಗಳ ಗುರುತು ಹತ್ತಿಸಬಹುದಾದ ವಿವರಗಳನ್ನು ಬದಲಿಸಿದ್ದೇನೆ ಇಲ್ಲವೆ ಬಿಟ್ಟಿದ್ದೇನೆ, ಶಾಲೆಯ ಒಳಗಿನ ಅಂಕಿ ಅಂಶಗಳನ್ನೂ ಅದೇ ಕಾರಣಕ್ಕೆ ಕೊಟ್ಟಿಲ್ಲ. ಇದನ್ನು ಕನ್ನಡದಲ್ಲಿ ಬರೆಯಲು ಕಾರಣವಿದೆ. ಆ ತರಗತಿಗಳಲ್ಲಿ ಕೂತವರಲ್ಲಿ ಹೆಚ್ಚಿನವರು ಭಾರತೀಯರು; ಅವರಲ್ಲಿ ವಿಟಿಯು ಪದವಿ ಪಡೆದು ಅಮೆರಿಕದಲ್ಲಿ ಎಂಎಸ್ ಮುಗಿಸಿದ ಕನ್ನಡಿಗರೂ ಇದ್ದರು. ಇಂಥ ಶಾಲೆಗಳ ಪ್ರವೇಶ ಪತ್ರ ನಮ್ಮ ಎಷ್ಟೋ ಮನೆಗಳಿಗೆ ಬರುತ್ತಿದೆ, ಆದರೆ ಆ ಶಾಲೆ ಒಳಗಿನಿಂದ ಹೇಗೆ ಯೋಚಿಸುತ್ತದೆ ಎಂಬುದು ನಮ್ಮಲ್ಲಿ ಚರ್ಚೆಯಾದದ್ದು ಕಡಿಮೆ.

ಹಿನ್ನೆಲೆ

ಅಮೆರಿಕದ ಕ್ರೈಸ್ತ ವಿಶ್ವವಿದ್ಯಾಲಯಗಳೆಲ್ಲ ಒಂದೇ ಬಗೆಯವಲ್ಲ. 1842ರಲ್ಲಿ ಆರಂಭವಾದ ಕ್ಯಾಥೊಲಿಕ್ ನೋತ್ರ ಡೇಮ್, 1845ರ ಬ್ಯಾಪ್ಟಿಸ್ಟ್ ಸಂಸ್ಥೆ ಬೇಲರ್, ವಾಹನದ ಬಿಡಿಭಾಗಗಳ ವ್ಯಾಪಾರದಲ್ಲಿ ಹಣ ಮಾಡಿದ ಜಾರ್ಜ್ ಪೆಪರ್‌ಡೈನ್ 1937ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಸ್ಥಾಪಿಸಿದ, ಮುಂದೆ ಮ್ಯಾಲಿಬುವಿಗೆ ಸ್ಥಳಾಂತರಗೊಂಡ ಪೆಪರ್‌ಡೈನ್, ಇವು ದೊಡ್ಡ ಹೆಸರುಗಳು. ಇವುಗಳ ಬಿಸಿನೆಸ್ ಸ್ಕೂಲ್‌ಗಳಿಗೆ ದತ್ತಿಯ ಬಲವೂ ಹಳೆಯ ವಿದ್ಯಾರ್ಥಿಗಳ ಜಾಲವೂ ಇದೆ. ನಮ್ಮ ಪ್ರಕರಣದ ವಿಶ್ವವಿದ್ಯಾಲಯ ಆ ಸಾಲಿನದಲ್ಲ. ಪಾದ್ರಿಗಳನ್ನೂ ಶಾಲಾ ಶಿಕ್ಷಕರನ್ನೂ ತರಬೇತುಗೊಳಿಸಲು ಹುಟ್ಟಿದ ಕಾಲೇಜು ಅದು. ದತ್ತಿನಿಧಿ ಚಿಕ್ಕದು, ಆ ವರ್ಷ ಬಂದ ಶುಲ್ಕದಲ್ಲಿ ಆ ವರ್ಷದ ಸಂಬಳ ಹೋಗಬೇಕು.

ಇಂಥ ಕಾಲೇಜುಗಳಲ್ಲಿ ಎಂಬಿಎ ಬಂದದ್ದೇ ಒಂದು ಆರ್ಥಿಕ ಆಸರೆಯಾಗಿ. ಊರಿನ ಬ್ಯಾಂಕಿನ ಅಧಿಕಾರಿಗಳು, ಆಸ್ಪತ್ರೆಯ ಆಡಳಿತಗಾರರು, ಕಾರ್ಖಾನೆಯ ಸೂಪರ್‌ವೈಸರ್‌ಗಳು ಸಂಜೆ ಆರರ ನಂತರ ಬಂದು ಓದುತ್ತಿದ್ದರು. ಪ್ರಯೋಗಾಲಯ ಬೇಡ, ಹಾಸ್ಟೆಲ್ ಬೇಡ. ಹಗಲು ಖಾಲಿಯಾದ ಕೊಠಡಿಯೇ ಸಾಕು. ಅಲ್ಲಿ ಉಳಿದ ಹಣ ಸಂಗೀತ, ತತ್ತ್ವಶಾಸ್ತ್ರ, ದೇವಶಾಸ್ತ್ರ ವಿಭಾಗಗಳನ್ನು ಸಾಕುತ್ತಿತ್ತು. ಬೋಧಕರೆಲ್ಲರೂ ನೇಮಕದ ವೇಳೆ ನಂಬಿಕೆಯ ಹೇಳಿಕೆಯೊಂದಕ್ಕೆ ಸಹಿ ಹಾಕುತ್ತಿದ್ದರು. ಧಾರ್ಮಿಕ ಸಂಸ್ಥೆಗಳು ತಮ್ಮ ಮತದವರನ್ನೇ ನೇಮಿಸಿಕೊಳ್ಳಲು 1964ರ ನಾಗರಿಕ ಹಕ್ಕುಗಳ ಕಾಯ್ದೆಯ ಏಳನೆಯ ಅಧ್ಯಾಯ ವಿನಾಯಿತಿ ಕೊಡುತ್ತದೆ. ವಿದ್ಯಾರ್ಥಿಗಳಿಗೆ ಮಾತ್ರ ಅಂಥ ಷರತ್ತು ಇರಲಿಲ್ಲ. ಯಾವ ಮತದವರಾದರೂ, ಮತವೇ ಇಲ್ಲದವರಾದರೂ ಸೇರಬಹುದಿತ್ತು. ಆದರೆ ಪ್ರತಿ ಕೋರ್ಸಿನ ಪಠ್ಯವಿವರದಲ್ಲಿ ನಂಬಿಕೆ ಮತ್ತು ಕಲಿಕೆಯ ಸಮನ್ವಯ ಹೇಗೆ ಎಂಬ ಒಂದು ಪರಿಚ್ಛೇದ ಇರಲೇಬೇಕಿತ್ತು, ಮತ್ತು ಕ್ರೈಸ್ತ ದೃಷ್ಟಿಯಲ್ಲಿ ವ್ಯವಹಾರ ನೀತಿಶಾಸ್ತ್ರ ಎಂಬ ಕೋರ್ಸ್ ಎಂಬಿಎಯ ಪ್ರತಿಯೊಬ್ಬ ವಿದ್ಯಾರ್ಥಿಗೂ ಕಡ್ಡಾಯವಾಗಿತ್ತು.

ಕಳೆದ ದಶಕದ ಮಧ್ಯದ ಹೊತ್ತಿಗೆ ಈ ಸಂಜೆಯ ಎಂಬಿಎ ಸೊರಗತೊಡಗಿತು. ದೊಡ್ಡ ವಿಶ್ವವಿದ್ಯಾಲಯಗಳ ಆನ್‌ಲೈನ್ ಎಂಬಿಎ ಊರಿನ ಬ್ಯಾಂಕ್ ಅಧಿಕಾರಿಯ ಮನೆಯ ಕಂಪ್ಯೂಟರಿಗೇ ಬಂದಿತ್ತು. ಅತ್ತ ಪದವಿ ತರಗತಿಗಳ ಭವಿಷ್ಯವೂ ಮಂಕಾಗಿಯೇ ಕಾಣುತ್ತಿತ್ತು: ಅಮೆರಿಕದಲ್ಲಿ ಜನನಗಳ ಸಂಖ್ಯೆ 2007ರಲ್ಲಿ ಶಿಖರ ಮುಟ್ಟಿ ಇಳಿದದ್ದರಿಂದ 2025ರ ನಂತರ ಹದಿನೆಂಟು ತುಂಬುವವರು ವರ್ಷವರ್ಷಕ್ಕೆ ಕಡಿಮೆಯಾಗುತ್ತಾರೆಂದು ಪ್ರತಿಯೊಂದು ಕಾಲೇಜಿನ ಹಣಕಾಸು ಅಧಿಕಾರಿಗೂ ಗೊತ್ತಿತ್ತು. ಇಂಥ ಹೊತ್ತಿನಲ್ಲಿ ಬಂದ ಹೊಸ ಡೀನ್ ಟ್ರಸ್ಟಿಗಳ ಮುಂದೆ ಒಂದು ಯೋಜನೆ ಇಟ್ಟರು. ದೊಡ್ಡ ನಗರವೊಂದರಲ್ಲಿ ಬಾಡಿಗೆಯ ಜಾಗ ಹಿಡಿದು, ಪ್ರತಿ ಅವಧಿಯಲ್ಲಿ ಕೆಲವು ವಾರಾಂತ್ಯಗಳು ಮುಖಾಮುಖಿ ತರಗತಿ, ಉಳಿದದ್ದು ಆನ್‌ಲೈನ್. ಹೆಸರು ಎಕ್ಸಿಕ್ಯೂಟಿವ್ ಎಂಬಿಎ. ಕೆಲಸದಲ್ಲಿರುವವರಿಗೆ ಇದು ಅನುಕೂಲ ಎಂಬುದು ಮುಂದಿಟ್ಟ ಕಾರಣ. ಪಠ್ಯಕ್ರಮದಲ್ಲಿ ಮೊದಲ ಅವಧಿಯಿಂದಲೇ ಉದ್ಯೋಗ ತರಬೇತಿ ಕಡ್ಡಾಯ ಎಂಬ ಒಂದು ಸಾಲೂ ಆ ಯೋಜನೆಯಲ್ಲಿತ್ತು, ಮತ್ತು ಮುಂದೆ ನಡೆದುದಕ್ಕೆಲ್ಲ ಆ ಸಾಲೇ ಕೀಲಿ.

ವಿದೇಶಿ ವಿದ್ಯಾರ್ಥಿಗೆ ಈ ಸಾಲಿನ ಅರ್ಥವೇನೆಂದು ಇಲ್ಲಿ ಸ್ವಲ್ಪ ವಿವರಿಸಬೇಕು. ಎಫ್-1 ವೀಸಾದ ವಿದ್ಯಾರ್ಥಿ ಪ್ರತಿ ಅವಧಿಯಲ್ಲಿ ಪೂರ್ಣಕಾಲದ ಓದಿನ ಲೆಕ್ಕಕ್ಕೆ ಒಂದು ಆನ್‌ಲೈನ್ ಕೋರ್ಸನ್ನು ಅಥವಾ 3 ಕ್ರೆಡಿಟ್‌ಗಳನ್ನು ಮಾತ್ರ ಹಿಡಿಯಬಹುದು. ಹಾಗಾಗಿ ವಾರಾಂತ್ಯದ ಮುಖಾಮುಖಿ ತರಗತಿ ಅವನಿಗೆ ಅನಿವಾರ್ಯ. ಪಠ್ಯಕ್ರಮದ ಭಾಗವಾಗಿ ಕಂಪನಿಯೊಂದರಲ್ಲಿ ಕೆಲಸ ಮಾಡುವ ತರಬೇತಿಗೆ, ಅಂದರೆ ಸಿಪಿಟಿಗೆ, ಸಾಮಾನ್ಯವಾಗಿ ಒಂದು ಶೈಕ್ಷಣಿಕ ವರ್ಷ ಕಾಯಬೇಕು, ಆದರೆ ಸ್ನಾತಕೋತ್ತರ ಪಠ್ಯಕ್ರಮವೇ ತಕ್ಷಣದ ತರಬೇತಿಯನ್ನು ಬೇಡುವುದಾದರೆ ಆ ಕಾಯುವಿಕೆ ಇಲ್ಲ. ಓದಿನ ನಂತರದ ತರಬೇತಿ, ಅಂದರೆ ಓಪಿಟಿ, 12 ತಿಂಗಳು. ವಿಜ್ಞಾನ ಮತ್ತು ತಂತ್ರಜ್ಞಾನದ ಪದವೀಧರರಿಗೆ 2016ರಿಂದ ಇನ್ನೂ 24 ತಿಂಗಳು. ಪೂರ್ಣಕಾಲದ ಸಿಪಿಟಿಯನ್ನು 12 ತಿಂಗಳು ಬಳಸಿದವರಿಗೆ ಆ ಹಂತದಲ್ಲಿ ಓಪಿಟಿ ಇಲ್ಲ. ಈಗಾಗಲೇ ಒಂದು ಎಂಎಸ್ ಮುಗಿಸಿ, ಮೂರು ವರ್ಷದ ಓಪಿಟಿಯನ್ನೂ ಮುಗಿಸಿ, ಎಚ್-1ಬಿ ಎಂಬ ಉದ್ಯೋಗ ವೀಸಾದ ಲಾಟರಿಯಲ್ಲಿ ಪ್ರತಿ ಸಲವೂ ಹೆಸರು ಬಾರದೆ ಉಳಿದವನಿಗೆ ಈ ನಿಷೇಧ ತಟ್ಟುವುದೇ ಇಲ್ಲ, ಏಕೆಂದರೆ ಅದೇ ಹಂತದ ಎರಡನೆಯ ಪದವಿಗೆ ಓಪಿಟಿ ಹೇಗೂ ಮತ್ತೆ ಸಿಗದು. ಅವನಿಗೆ ಬೇಕಾದದ್ದು ಕೆಲಸ ಬಿಡದೆ ಮುಂದಿನ ಮಾರ್ಚಿನ ಲಾಟರಿಯವರೆಗೆ ದೇಶದಲ್ಲಿ ನಿಲ್ಲುವ ಕಾನೂನುಬದ್ಧ ದಾರಿ. ವರ್ಷಕ್ಕೆ 85,000 ವೀಸಾಗಳಿಗಾಗಿ 2023ರ ಮಾರ್ಚಿನಲ್ಲಿ ಏಳೂವರೆ ಲಕ್ಷಕ್ಕೂ ಹೆಚ್ಚು ನೋಂದಣಿಗಳು ಬಂದಿದ್ದವು ಎಂಬುದನ್ನು ನೆನೆದರೆ, ಆ ದಾರಿಯ ಬಾಯಲ್ಲಿ ಎಷ್ಟು ಜನ ನಿಂತಿದ್ದರೆಂದು ಊಹಿಸಬಹುದು.

ಡೀನ್ ಇದನ್ನೆಲ್ಲ ಲೆಕ್ಕ ಹಾಕಿಯೇ ಯೋಜನೆ ಮಾಡಿದರೇ ಎಂದು ನಾನು ನೇರವಾಗಿ ಕೇಳಿದ್ದುಂಟು. ಊರಿನ ಸುತ್ತಲಿನ ಉದ್ಯೋಗಸ್ಥರೇ ತಮ್ಮ ಮನಸ್ಸಿನಲ್ಲಿದ್ದರು, ವಿದೇಶಿಯರು ಒಂದಷ್ಟು ಜನ ಬರಬಹುದೆಂಬ ಅಂದಾಜಿತ್ತು ಎಂದರು. ಯೋಜನೆಯ ಮೊದಲ ಕರಡನ್ನು ನೋಡಿದ ಮೇಲೆ ನಾನು ಅವರ ಮಾತನ್ನು ನಂಬುತ್ತೇನೆ.

ಬಂದ ಜನ, ಬಂದ ಹಣ

ಎರಡನೆಯ ವರ್ಷಕ್ಕೇ ಅಂದಾಜು ಬುಡಮೇಲಾಯಿತು. ಊರಿನವರು ಬೆರಳೆಣಿಕೆಯಷ್ಟು, ಉಳಿದವರೆಲ್ಲ ಡಲ್ಲಾಸ್, ಷಾರ್ಲೆಟ್, ನ್ಯೂಜೆರ್ಸಿಯಿಂದ ಶುಕ್ರವಾರ ಮಧ್ಯಾಹ್ನದ ವಿಮಾನ ಹಿಡಿದು ಬರುವ ಸಾಫ್ಟ್‌ವೇರ್ ಉದ್ಯೋಗಿಗಳು. ಜಾಹೀರಾತಿಗೆ ಖರ್ಚೇ ಆಗಲಿಲ್ಲ, ವಾಟ್ಸ್ಆ್ಯಪ್ ಗುಂಪುಗಳೇ ಆ ಕೆಲಸ ಮಾಡಿದವು. ವಿಮಾನ ನಿಲ್ದಾಣದ ಬಳಿಯ ಹೋಟೆಲಿನ ಸಭಾಂಗಣಗಳನ್ನೂ ಬಾಡಿಗೆಗೆ ಹಿಡಿಯಬೇಕಾಯಿತು. ತರಗತಿ ಶುರುವಾಗುವ ಮುನ್ನ ಪ್ರಾಧ್ಯಾಪಕರು ಕಣ್ಣು ಮುಚ್ಚಿ ಪ್ರಾರ್ಥಿಸುವರು, ವಿದ್ಯಾರ್ಥಿಗಳು ಗೌರವದಿಂದ ಎದ್ದು ನಿಲ್ಲುವರು. ಶನಿವಾರದ ಊಟಕ್ಕೆ ಟರ್ಕಿ ಮಾಂಸದ ಸ್ಯಾಂಡ್‌ವಿಚ್ ಪೆಟ್ಟಿಗೆಗಳು ಬಂದಾಗ ಅದರೊಳಗಿನ ಮಾಂಸವನ್ನು ತೆಗೆದಿಟ್ಟು ಬ್ರೆಡ್ಡು, ಲೆಟ್ಯೂಸ್ ಮಾತ್ರ ತಿಂದವರನ್ನು ನೋಡಿ ಕಚೇರಿಯ ಸಹಾಯಕಿ ಮರುವಾರದಿಂದ ಅರ್ಧ ಪೆಟ್ಟಿಗೆಗಳನ್ನು ಸಸ್ಯಾಹಾರಕ್ಕೆ ಬದಲಿಸಿದರು. ಆ ಕಾರ್ಯಕ್ರಮದ ಅಷ್ಟೂ ವರ್ಷಗಳಲ್ಲಿ ಯಾರ ಒಪ್ಪಿಗೆಗೂ ಕಾಯದೆ ಅಷ್ಟು ಬೇಗ, ಅಷ್ಟು ಸರಿಯಾಗಿ ಆದ ಬದಲಾವಣೆ ಇನ್ನೊಂದಿಲ್ಲ.

ಟ್ರಸ್ಟಿಗಳ ಸಭೆಯ ನಡಾವಳಿಯಲ್ಲಿ ಈ ಬೆಳವಣಿಗೆಯನ್ನು ದೇವರು ತೆರೆದ ಬಾಗಿಲು ಎಂದು ದಾಖಲಿಸಲಾಗಿದೆ. ಆ ಸಮುದಾಯದಲ್ಲಿ ಇದು ದಿನಬಳಕೆಯ ಮಾತು. ಮಿಷನರಿ ಕೆಲಸಕ್ಕೆ ಅನಿರೀಕ್ಷಿತವಾಗಿ ಒದಗಿದ ಅವಕಾಶಕ್ಕೆ ಹಾಗೆನ್ನುತ್ತಾರೆ, ಅದರಲ್ಲಿ ಕಪಟವೇನೂ ಇಲ್ಲ. ಆದರೆ ಆಡಳಿತದ ದೃಷ್ಟಿಯಿಂದ ನೋಡಿದರೆ, ಮೇಲಿನಿಂದ ಬಂದದ್ದೆಂದು ಒಪ್ಪಿಕೊಂಡ ಹಣವನ್ನು ಎಲ್ಲಿಂದ ಬಂತು, ಎಷ್ಟು ದಿನ ಬಂದೀತು ಎಂದು ಕೇಳುವುದು ಅಲ್ಲಿ ಕಷ್ಟವಾಯಿತು. ಹಣಕಾಸು ಉಪಾಧ್ಯಕ್ಷರು ಮೊದಲ ವರ್ಷ ಈ ಆದಾಯವನ್ನು ಪ್ರತ್ಯೇಕ ಖಾತೆಯಲ್ಲಿಟ್ಟರು. ಮರುವರ್ಷ ಅದರ ಅರ್ಧವನ್ನು ಸಾಮಾನ್ಯ ಬಜೆಟ್ಟಿಗೆ ಸೇರಿಸಿದರು. ಮೂರನೆಯ ವರ್ಷಕ್ಕೆ ಅದು ಪೂರ್ತಿಯಾಗಿ ಮೂಲ ಬಜೆಟ್ಟಿನ ಭಾಗವಾಗಿ, ಅದರ ಬಲದ ಮೇಲೆ ಪದವಿ ಕಾಲೇಜಿನಲ್ಲಿ ಕಾಯಂ ಹುದ್ದೆಗಳ ನೇಮಕವೂ ಆಗಿಹೋಯಿತು. ಈ ಮೂರೂ ಹೆಜ್ಜೆಗಳಿಗೆ ಸಂಬಂಧಿಸಿದ ಕಾಗದಗಳಲ್ಲಿ ಎಲ್ಲಿಯೂ ಲಾಟರಿ ಎಂಬ ಶಬ್ದ ನನಗೆ ಸಿಗಲಿಲ್ಲ.

ಭಾನುವಾರದ ವಿಷಯವನ್ನು ಇಲ್ಲಿಯೇ ಹೇಳಬೇಕು. ಆ ವಿಶ್ವವಿದ್ಯಾಲಯದ ಆವರಣದಲ್ಲಿ ಭಾನುವಾರ ಬೆಳಿಗ್ಗೆ ಗ್ರಂಥಾಲಯದ ಬಾಗಿಲೂ ತೆರೆಯುವುದಿಲ್ಲ. ಅದು ಆರಾಧನೆಯ ಹೊತ್ತು. ಶುಕ್ರವಾರ ರಾತ್ರಿ ಮತ್ತು ಶನಿವಾರ ಮಾತ್ರ ಕಲಿಸಿದರೆ ಮಾನ್ಯತೆಗೆ ಬೇಕಾದ ತರಗತಿ ಗಂಟೆಗಳು ತುಂಬುತ್ತಿರಲಿಲ್ಲ, ವಾರಾಂತ್ಯಗಳ ಸಂಖ್ಯೆ ಹೆಚ್ಚಿಸಿದರೆ ವಿದ್ಯಾರ್ಥಿಗಳ ವಿಮಾನದ ಖರ್ಚು ಹೆಚ್ಚುತ್ತಿತ್ತು. ಕೊನೆಗೆ ಬಾಡಿಗೆಯ ಜಾಗ ಆವರಣಕ್ಕೆ ಸೇರಿದ್ದಲ್ಲ ಎಂಬ ವ್ಯಾಖ್ಯಾನದ ಮೇಲೆ, ಎಂಟು ಗಂಟೆಗೆ ಇಷ್ಟವಿದ್ದವರಿಗೆ ಅರ್ಧ ಗಂಟೆಯ ಪ್ರಾರ್ಥನಾ ಸಭೆ ಇಟ್ಟು, ನಂತರ ತರಗತಿ ನಡೆಸಲು ತೀರ್ಮಾನವಾಯಿತು. ವಿಶ್ವವಿದ್ಯಾಲಯದ ಚಾಪ್ಲಿನ್, ಅಂದರೆ ಅಲ್ಲಿನ ಧರ್ಮಗುರು, ಲಿಖಿತ ಆಕ್ಷೇಪಣೆ ಸಲ್ಲಿಸಿದರು. ಅದಕ್ಕೆ ಉತ್ತರ ಹೋಗಲೇ ಇಲ್ಲ. ನನ್ನ ಓದಿನಲ್ಲಿ ಈ ಪ್ರಕರಣದ ಮೊದಲ ತಿರುವು ಇದೇ. ಭಾನುವಾರ ಕಲಿಸಿದ್ದು ತಪ್ಪೆಂದು ನಾನು ಹೇಳುತ್ತಿಲ್ಲ, ಅದು ಅವರವರ ಪಂಥಕ್ಕೆ ಬಿಟ್ಟದ್ದು. ಸಂಸ್ಥೆ ತಾನು ಪವಿತ್ರವೆಂದು ಸಾರಿದ ನಿಯಮಕ್ಕೆ ವಿನಾಯಿತಿ ಕೊಟ್ಟಾಗ ಏಕೆ ಕೊಟ್ಟೆ ಎಂಬುದನ್ನು ಬರೆದಿಡಲಿಲ್ಲ. ಆಮೇಲೆ ಬಂದ ವಿನಾಯಿತಿಗಳಿಗೂ ಕಾರಣ ಬರೆಯುವ ರೂಢಿ ಬೆಳೆಯಲಿಲ್ಲ.

ನಾಲ್ಕು ಗೆರೆಯ ಚೌಕ

ಸಿಪಿಟಿಗೆ ಅನುಮತಿ ಕೊಡುವ ನಮೂನೆ ಒಂದು ಪುಟದ್ದು. ಮೇಲೆ ವಿದ್ಯಾರ್ಥಿಯ ಹೆಸರು ಮತ್ತು ವಿದೇಶಿ ವಿದ್ಯಾರ್ಥಿಗಳ ಲೆಕ್ಕವಿಡುವ ಸರಕಾರದ ಸೆವಿಸ್ ದತ್ತಾಂಶದಲ್ಲಿನ ಸಂಖ್ಯೆ. ನಡುವೆ ಕೆಲಸ ಕೊಡುವವರ ವಿಳಾಸ, ಹುದ್ದೆ, ವಾರಕ್ಕೆ ಎಷ್ಟು ಗಂಟೆ. ಕೆಳಗೆ ನಾಲ್ಕು ಗೆರೆಯ ಒಂದು ಚೌಕ, ಈ ಕೆಲಸ ಪಠ್ಯಕ್ರಮದ ಯಾವ ಗುರಿಗೆ ಹೇಗೆ ನೆರವಾಗುತ್ತದೆ ಎಂದು ಬರೆಯಲು. ಅದರ ಕೆಳಗೆ ಡಿಎಸ್‌ಒ ಎಂದು ಕರೆಯುವ, ವಿದೇಶಿ ವಿದ್ಯಾರ್ಥಿಗಳ ಹೊಣೆ ಹೊತ್ತ ಅಧಿಕಾರಿಯ ಸಹಿ. ಬೋಧಕರ ಸಹಿಗೆ ಜಾಗವಿರಲಿಲ್ಲ. ನಾನು ನೋಡಿದ ಕಟ್ಟಿನಲ್ಲಿ ಕಂಪನಿಗಳು ಬೇರೆ ಬೇರೆ, ಊರುಗಳು ಬೇರೆ ಬೇರೆ, ಆದರೆ ಎಷ್ಟೋ ಚೌಕಗಳ ಒಳಗಿನ ವಾಕ್ಯ ಮಾತ್ರ ಒಂದೇ, ಮ್ಯಾನೇಜ್‌ಮೆಂಟ್ ಎಂಬ ಪದದಲ್ಲಿ ಒಂದಕ್ಷರ ಬಿಟ್ಟುಹೋದ ಅದೇ ಸ್ಪೆಲಿಂಗ್ ತಪ್ಪಿನೊಂದಿಗೆ. ಯಾರೋ ಒಬ್ಬರು ಬರೆದದ್ದು ಗುಂಪಿನಲ್ಲಿ ಹರಿದಾಡಿತ್ತು. ಸಹಿ ಹಾಕಿದವರಿಗೆ ಅದು ಕಾಣದೆ ಹೋದದ್ದಕ್ಕೆ ಕಾರಣ ಸರಳ: ವಿದ್ಯಾರ್ಥಿಗಳ ಸಂಖ್ಯೆ ಹಲವು ಪಟ್ಟು ಬೆಳೆದರೂ ಆ ಕಚೇರಿಯಲ್ಲಿ ಮೊದಲಿದ್ದ ಇಬ್ಬರೇ ಇದ್ದರು.

2019ರ ಜನವರಿಯಲ್ಲಿ ಮಿಷಿಗನ್ ರಾಜ್ಯದ ಫಾರ್ಮಿಂಗ್‌ಟನ್ ವಿಶ್ವವಿದ್ಯಾಲಯ ಎಂಬುದು ಅಮೆರಿಕ ಸರಕಾರದ ತನಿಖಾಧಿಕಾರಿಗಳೇ ಹುಟ್ಟುಹಾಕಿದ ಬಲೆ ಎಂಬುದು ಬಯಲಾಯಿತು. ಅಲ್ಲಿಗೆ ಹೆಸರು ನೋಂದಾಯಿಸಿದ್ದ ಸುಮಾರು 600 ಜನರಲ್ಲಿ ಹೆಚ್ಚಿನವರು ಭಾರತೀಯರು, ಜನರನ್ನು ಸೇರಿಸಿಕೊಟ್ಟ ಎಂಟು ಮಂದಿಯ ಮೇಲೆ ಆರೋಪಪಟ್ಟಿ. ಅಲ್ಲಿ ತರಗತಿಯೂ ಇರಲಿಲ್ಲ, ಬೋಧಕರೂ ಇರಲಿಲ್ಲ. ಟ್ರಸ್ಟಿಯೊಬ್ಬರು ಪತ್ರಿಕೆಯ ತುಣುಕನ್ನು ಡೀನ್‌ಗೆ ಕಳಿಸಿ ನಾವು ಇದಕ್ಕಿಂತ ಹೇಗೆ ಭಿನ್ನ ಎಂದು ಕೇಳಿದರು. ಡೀನ್ ಕೊಟ್ಟ ಉತ್ತರ ಸತ್ಯವಾಗಿತ್ತು: ನಮ್ಮಲ್ಲಿ ನಿಜವಾದ ತರಗತಿ ಇದೆ, ನಿಜವಾದ ಬೋಧಕರಿದ್ದಾರೆ, ಮಾನ್ಯತೆ ಇದೆ. ಆದರೆ ಪ್ರಶ್ನೆ ಕೇಳಿದ್ದು ಸಂಸ್ಥೆಯ ಬಗ್ಗೆ, ಅಪಾಯ ಇದ್ದದ್ದು ನಮೂನೆಯ ಚೌಕದಲ್ಲಿ. ಆ ಹೊತ್ತಿನಲ್ಲಿ ಕೈಗೊಂಡ ಕ್ರಮಗಳೆಲ್ಲ ಹಾಜರಾತಿಗೆ ಸಂಬಂಧಿಸಿದವು. ಗುರುತಿನ ಚೀಟಿ ಉಜ್ಜುವ ಯಂತ್ರ ಬಂತು, ಒಂದು ವಾರಾಂತ್ಯ ತಪ್ಪಿಸಿದರೆ ಎಚ್ಚರಿಕೆ, ಎರಡು ತಪ್ಪಿಸಿದರೆ ವಿದ್ಯಾರ್ಥಿ ಸ್ಥಾನಮಾನದ ದಾಖಲೆಯಾದ ಐ-20 ರದ್ದು. ವಿದ್ಯಾರ್ಥಿಗಳು ಇದನ್ನು ಚಾಚೂ ತಪ್ಪದೆ ಪಾಲಿಸಿದರು. ಜ್ವರ ಬಂದವರೂ ಬಂದು ಕೂತರು. ಕಟ್ಟುನಿಟ್ಟಾಗಿದ್ದೇವೆಂಬ ಸಮಾಧಾನ ಶಾಲೆಗೆ ಸಿಕ್ಕಿತು, ಚೌಕ ಹಾಗೆಯೇ ಉಳಿಯಿತು.

ನೀತಿಶಾಸ್ತ್ರದ ಕೋರ್ಸ್ ಮೂರು ರೂಪ ತಾಳಿದ್ದು

ಈ ಎಲ್ಲದರ ನಡುವೆ ಕಡ್ಡಾಯ ನೀತಿಶಾಸ್ತ್ರದ ಕೋರ್ಸನ್ನು ಕಲಿಸುತ್ತಿದ್ದವರು ಹಿರಿಯ ಪ್ರಾಧ್ಯಾಪಕರೊಬ್ಬರು. ಮೊದಲು ಲೆಕ್ಕಪರಿಶೋಧಕರಾಗಿದ್ದು ಆಮೇಲೆ ದೇವಶಾಸ್ತ್ರ ಓದಿದವರು. ಸಂಜೆಯ ಎಂಬಿಎ ಕಾಲದಲ್ಲಿ ಅವರು ರೂಪಿಸಿದ ಪಠ್ಯ ಬೈಬಲಿನ ವಾಕ್ಯಗಳಿಂದ ಹೊರಟು ವ್ಯವಹಾರದ ಪ್ರಶ್ನೆಗಳಿಗೆ ಬರುತ್ತಿತ್ತು. ಊರಿನ ಬ್ಯಾಂಕ್ ಅಧಿಕಾರಿಗೆ ಅದು ತನ್ನದೇ ಮಾತು. ವಾರಾಂತ್ಯದ ವಿದ್ಯಾರ್ಥಿಗಳು ಅದನ್ನು ಪರೀಕ್ಷೆಗೆಂದು ಓದಿ, ಕೇಳಿದ್ದಕ್ಕೆಲ್ಲ ವಿನಯವಾಗಿ ಒಪ್ಪಿ, ಒಳ್ಳೆಯ ಅಂಕ ತೆಗೆದುಕೊಂಡು ಹೋದರು. ಅವರ ಉತ್ತರ ಪತ್ರಿಕೆಗಳಲ್ಲಿ ಯಾರೂ ಕಾಣುತ್ತಿಲ್ಲ ಎಂದು ಪ್ರಾಧ್ಯಾಪಕರು ದೂರಿದರು. ಮರುವರ್ಷ ಪಠ್ಯ ಸಮಿತಿ ಕ್ರೈಸ್ತ ಭಾಗವನ್ನು ತೆಳುಗೊಳಿಸಿ, ಎಲ್ಲ ಬಿಸಿನೆಸ್ ಸ್ಕೂಲ್‌ಗಳಲ್ಲೂ ಇರುವಂಥ ಉಪಯುಕ್ತತಾವಾದ, ಕರ್ತವ್ಯವಾದ, ಪಾಲುದಾರರ ಹಿತ ಎಂಬ ಚೌಕಟ್ಟಿಗೆ ಇಳಿಸಿತು. ಟ್ರಸ್ಟಿಗಳಿಗೆ ಇದು ಹಿಡಿಸಲಿಲ್ಲ ಎಂಬುದರಲ್ಲಿ ಅಚ್ಚರಿಯಿಲ್ಲ. ಅಚ್ಚರಿಯೆಂದರೆ ವಿದ್ಯಾರ್ಥಿಗಳಿಗೂ ಹಿಡಿಸಲಿಲ್ಲ. ಕೋರ್ಸಿನ ಕೊನೆಯ ಅಭಿಪ್ರಾಯ ಪತ್ರದಲ್ಲಿ ಬೆಳಗಾವಿ ಕಡೆಯ ವಿದ್ಯಾರ್ಥಿನಿಯೊಬ್ಬರು, ತಾವು ಹಿಂದೂ ಆದರೂ ಧರ್ಮವನ್ನು ಗಂಭೀರವಾಗಿ ಎಣಿಸುವವರೊಂದಿಗೆ ಜಗಳವಾಡುವ ಅವಕಾಶ ಮೊದಲಿತ್ತು, ಈಗ ಅದೂ ಇಲ್ಲ ಎಂಬರ್ಥದಲ್ಲಿ ಬರೆದಿದ್ದರು. ಪ್ರಾಧ್ಯಾಪಕರು ಆ ಹಾಳೆಯನ್ನು ತಮ್ಮ ಮೇಜಿನ ಗಾಜಿನ ಕೆಳಗೆ ಇಟ್ಟುಕೊಂಡಿದ್ದರು.

ಮೂರನೆಯ ರೂಪದಲ್ಲಿ ಅವರು ಎರಡು ಬದಲಾವಣೆ ಮಾಡಿದರು. ತಮ್ಮ ನಂಬಿಕೆಯನ್ನು ಮುಚ್ಚಿಡದೆ ಮೊದಲ ದಿನವೇ ಹೇಳಿ, ವಿದ್ಯಾರ್ಥಿಗಳೂ ತಾವು ನಿಂತ ನೆಲೆಯಿಂದಲೇ, ಅದು ಗೀತೆಯೋ ಕುರಾನೋ ವಚನವೋ ಅಜ್ಜಿಯ ಮಾತೋ ಆಗಿರಲಿ, ವಾದ ಹೂಡಬಹುದೆಂದರು. ಮತ್ತು ಪುಸ್ತಕದ ಹಳೆಯ ಹಗರಣಗಳನ್ನು ಬಿಟ್ಟು, ಈಗ ನೀವಿರುವ ಕೆಲಸದಲ್ಲಿ ನಿಮ್ಮನ್ನು ಕಾಡುವ ಒಂದು ಪ್ರಶ್ನೆಯನ್ನು ಹೆಸರು ಮರೆಸಿ ಬರೆಯಿರಿ ಎಂದು ನಿಬಂಧ ಕೊಟ್ಟರು. ಉದ್ಯೋಗಿಗಳನ್ನು ಬೇರೆ ಕಂಪನಿಗಳ ಕೆಲಸಕ್ಕೆ ಕಳಿಸುವ ಕನ್ಸಲ್ಟೆನ್ಸಿಗಳ ಒಂದು ಲೋಕವೇ ಆ ಹಾಳೆಗಳಲ್ಲಿ ಮೇಲೆದ್ದು ಬಂತು: ರೆಸ್ಯೂಮೆಯಲ್ಲಿ ಇಲ್ಲದ ಅನುಭವ ಸೇರಿಸಲು ಒತ್ತಾಯ, ಪ್ರಾಜೆಕ್ಟ್ ಇಲ್ಲದ ತಿಂಗಳುಗಳಲ್ಲಿ ಸಂಬಳವಿಲ್ಲದೆ ಬೆಂಚಿನ ಮೇಲೆ ಕೂರುವುದು, ಗ್ರಾಹಕ ಕಂಪನಿ ಕೊಡುವ ಗಂಟೆಯ ದರದಲ್ಲಿ ಮಧ್ಯವರ್ತಿಗಳು ಮುರಿದುಕೊಳ್ಳುವ ಪಾಲು. ಅವುಗಳಲ್ಲೊಂದು ಹಾಳೆ, ನಮೂನೆಯ ಚೌಕದಲ್ಲಿ ಪ್ರಾಜೆಕ್ಟ್ ನಿರ್ವಹಣೆ ಎಂದಿದ್ದರೂ ತಾನು ಮಾಡುತ್ತಿರುವುದು ಪೂರ್ತಿ ಸಾಫ್ಟ್‌ವೇರ್ ಪರೀಕ್ಷೆಯ ಕೆಲಸ, ಅದೂ ನಮೂದಿಸಿದ್ದಕ್ಕಿಂತ ಬೇರೆ ರಾಜ್ಯದಲ್ಲಿ, ಎಂದು ನೇರವಾಗಿ ಹೇಳಿತ್ತು. ಬರೆದವರು ಹಳೆ ಮೈಸೂರು ಕಡೆಯ ತರುಣ. ಕೊನೆಯಲ್ಲಿ, ಇದನ್ನು ಹೇಳಿದರೆ ನಾನು ಹೋಗುತ್ತೇನೆ, ಹೇಳದಿದ್ದರೆ ಈ ಕೋರ್ಸು ಸುಳ್ಳಾಗುತ್ತದೆ ಎಂದಿತ್ತು.

ತೀರ್ಮಾನ

ಪ್ರಾಧ್ಯಾಪಕರ ಮುಂದಿದ್ದ ಆಯ್ಕೆಗಳು ಯಾವುವೂ ಹಿತವಾಗಿರಲಿಲ್ಲ. ನಿಬಂಧವನ್ನು ಗೋಪ್ಯವೆಂದು ತಾವೇ ಮಾತು ಕೊಟ್ಟಿದ್ದರು. ಸಂಸ್ಥೆಯ ಉದ್ಯೋಗಿಯಾಗಿ ಗೊತ್ತಾದದ್ದನ್ನು ಡಿಎಸ್‌ಒಗೆ ತಿಳಿಸದಿರುವುದೂ ಸರಿಯಲ್ಲ. ತಿಳಿಸಿದರೆ ಆ ಅಧಿಕಾರಿ ದಾಖಲೆಯನ್ನು ತಿದ್ದಬೇಕು ಇಲ್ಲವೆ ವಿದ್ಯಾರ್ಥಿಯ ಸ್ಥಾನಮಾನವನ್ನೇ ಕೊನೆಗೊಳಿಸಬೇಕು. ಅವರು ಮೊದಲು ವಿದ್ಯಾರ್ಥಿಯೊಂದಿಗೆ ಮಾತನಾಡಿದರು, ವಲಸೆ ವಕೀಲರೊಬ್ಬರನ್ನು ಕಾಣುವಂತೆ ಹೇಳಿ ಆ ಖರ್ಚನ್ನು ಚಾಪ್ಲಿನ್‌ರ ನೆರವು ನಿಧಿಯಿಂದ ಕೊಡಿಸಿದರು. ನಂತರ ಹೆಸರು ಹೇಳದೆ, ಒಂದು ಹಾಳೆಯನ್ನೂ ಕೈಗಿಡದೆ, ಇದು ಒಬ್ಬನ ಕಥೆಯಲ್ಲ, ನಮೂನೆಯದೇ ದೋಷ ಎಂದು ಡೀನ್ ಮುಂದೆ ಇಟ್ಟರು. ವ್ಯಕ್ತಿಯನ್ನು ಹಿಡಿದುಕೊಟ್ಟು ವ್ಯವಸ್ಥೆಯನ್ನು ಬಿಡುವ ಸುಲಭದ ದಾರಿಯನ್ನು ಅವರು ಹಿಡಿಯಲಿಲ್ಲ.

ಡೀನ್ ಕರೆದ ಸಭೆಯಲ್ಲಿ ಡಿಎಸ್‌ಒ, ಹಣಕಾಸು ಉಪಾಧ್ಯಕ್ಷರು, ಪ್ರಾಧ್ಯಾಪಕರು ಇದ್ದರು. ಏನೂ ಮಾಡದಿರುವುದು, ಕಾರ್ಯಕ್ರಮವನ್ನೇ ನಿಲ್ಲಿಸುವುದು, ಎಲ್ಲ ಸಿಪಿಟಿ ಅನುಮತಿಗಳನ್ನೂ ಮರುಪರಿಶೀಲಿಸುವುದು ಎಂಬ ಮೂರು ಮಾರ್ಗಗಳು ಚರ್ಚೆಗೆ ಬಂದವು. ನಿಲ್ಲಿಸಿದರೆ ತಪ್ಪೇನೂ ಮಾಡದ ವಿದ್ಯಾರ್ಥಿಗಳೂ ನಡುನೀರಿನಲ್ಲಿ ಉಳಿಯುತ್ತಾರೆ ಎಂಬ ಡಿಎಸ್‌ಒ ಮಾತಿಗೆ ಎಲ್ಲರೂ ಒಪ್ಪಿದರು. ಮರುಪರಿಶೀಲನೆ ಎಂದಾದ ಮೇಲೆ ಉಳಿದ ಪ್ರಶ್ನೆ ಯಾವಾಗ ಎಂಬುದು. ಶರತ್ಕಾಲದ ಅವಧಿಯ ಶುಲ್ಕ ಕಟ್ಟುವ ಗಡುವು ಮುಗಿದ ಮೇಲೆ ಪ್ರಕಟಿಸೋಣ ಎಂದು ಹಣಕಾಸು ಉಪಾಧ್ಯಕ್ಷರು ಸೂಚಿಸಿದರು. ಅವರನ್ನು ದೂಷಿಸುವುದು ಸುಲಭ. ಆ ಹಣದಲ್ಲಿ ಸಂಬಳ ಪಡೆಯುವವರ ಪಟ್ಟಿ ಅವರ ಕೈಯಲ್ಲಿತ್ತು. ಡೀನ್ ಒಪ್ಪಲಿಲ್ಲ. ನಿಯಮ ಬದಲಾಗುತ್ತದೆಂದು ಗೊತ್ತಿದ್ದೂ ಹಳೆಯ ನಿಯಮದ ಮೇಲೆ ಶುಲ್ಕ ತೆಗೆದುಕೊಂಡರೆ ನಾಳೆ ವಿದ್ಯಾರ್ಥಿಗಳ ಮುಂದೆ ನಿಂತು ನೀತಿಶಾಸ್ತ್ರ ಕಲಿಸುವವರಾರು ಎಂಬ ಕಾರಣವನ್ನು ಅವರು ಟಿಪ್ಪಣಿಯಲ್ಲಿ ಬರೆದರು. ಆ ಕಡತದಲ್ಲಿ ಒಂದು ತೀರ್ಮಾನದ ಜೊತೆಗೆ ಅದರ ಕಾರಣವೂ ಬರಹದಲ್ಲಿರುವುದು ನನಗೆ ಕಂಡದ್ದು ಅಲ್ಲಿಯೇ ಮೊದಲು.

ಗಡುವಿಗೆ ಸಾಕಷ್ಟು ಮುಂಚೆ ಪತ್ರ ಹೋಯಿತು. ತಮ್ಮ ಕೆಲಸದ ವಿವರ ಬದಲಾಗಿದ್ದರೆ ತಿದ್ದಿಕೊಳ್ಳಲು ಕಾಲಾವಕಾಶ. ಆಮೇಲಿನ ಪ್ರತಿ ಅನುಮತಿಗೆ ಕಾಯಂ ಬೋಧಕರೊಬ್ಬರ ಸಂದರ್ಶನ ಮತ್ತು ಸಹಿ. ಸಿಪಿಟಿಯನ್ನು ಕ್ರೆಡಿಟ್ ಇರುವ ಒಂದು ಕೋರ್ಸಿಗೆ ಕಟ್ಟಿ, ಕೆಲಸದ ಸ್ಥಳದ ಸಮಸ್ಯೆಯೊಂದರ ಮೇಲೆ ಬರಹ ಕಡ್ಡಾಯ. ನಾಲ್ಕು ಗೆರೆಯ ಚೌಕದ ಬದಲು ಎರಡು ಪುಟ ಬಂದವು.

ಆದದ್ದು

ಆ ಶರತ್ಕಾಲದಲ್ಲಿ ವಿದ್ಯಾರ್ಥಿಗಳ ದೊಡ್ಡ ಗುಂಪೊಂದು ಬೇರೆ ಶಾಲೆಗಳಿಗೆ ವರ್ಗ ಮಾಡಿಸಿಕೊಂಡು ಹೋಯಿತು. ಅವರಲ್ಲಿ ಹಲವರ ಕೆಲಸ ಎಲ್ಲ ರೀತಿಯಲ್ಲಿ ಸರಿಯಾಗಿಯೇ ಇತ್ತು. ಪರಿಶೀಲನೆ ಎಂಬ ಮಾತಿಗೇ ಹೆದರಿದರು. ಹೋಗಬೇಕಾದವರು ಹೋದರು ಎಂದು ಟ್ರಸ್ಟಿಯೊಬ್ಬರು ನನ್ನೆದುರು ಹೇಳಿದರು. ಅಂಜಿ ಹೋದವರನ್ನೂ ತಪ್ಪು ಮಾಡಿ ಹೋದವರನ್ನೂ ಒಂದೇ ಲೆಕ್ಕಕ್ಕೆ ಹಾಕುವ ಆ ಮಾತನ್ನು ನಾನು ಒಪ್ಪಲಾರೆ. ಬಾಗಿಲು ತೆರೆದಾಗ ಅದೇ ಜನರನ್ನು ದೇವರು ಕಳಿಸಿದವರೆಂದು ಬರೆದ ನಡಾವಳಿ ಅವರದೇ ಕಡತದಲ್ಲಿದೆ.

ಬಜೆಟ್ಟಿನ ಬಿರುಕು ಮೊದಲು ಕಾಣಿಸಿದ್ದು ಬಿಸಿನೆಸ್ ಸ್ಕೂಲಿನಲ್ಲಲ್ಲ. ತತ್ತ್ವಶಾಸ್ತ್ರದ ಎರಡು ಹುದ್ದೆಗಳನ್ನು ತುಂಬಲಿಲ್ಲ, ಸಂಗೀತ ವಿಭಾಗದಲ್ಲಿ ಗಾಯನದ ಬೋಧಕರೊಬ್ಬರು ಕೆಲಸ ಕಳೆದುಕೊಂಡರು. ವಾರಾಂತ್ಯದ ಎಂಬಿಎಯನ್ನು ವೀಸಾ ಅಂಗಡಿ ಎಂದು ಬೋಧಕರ ಕೊಠಡಿಯಲ್ಲಿ ಹಂಗಿಸುತ್ತಿದ್ದವರಿಗೆ ತಮ್ಮ ಸಂಬಳದ ಮೂಲ ಆಗ ತಿಳಿಯಿತು. ಡೀನ್‌ರ ಮೇಲೆ ಸಿಟ್ಟು ಎರಡೂ ಕಡೆಯಿಂದ ಬಂತು: ಇಷ್ಟು ತಡ ಮಾಡಿದ್ದಕ್ಕೆ ಒಂದು ಪಾಲು, ಇಷ್ಟು ಬೇಗ ಮಾಡಿದ್ದಕ್ಕೆ ಇನ್ನೊಂದು. ಬಿಸಿನೆಸ್ ಸ್ಕೂಲ್‌ಗಳನ್ನು ಅಳೆಯುವ ಎಎಸಿಎಸ್‌ಬಿ ಎಂಬ ಸಂಸ್ಥೆಯ ಮಾನ್ಯತೆ ಪಡೆಯುವ ಹಳೆಯ ಕನಸನ್ನೂ ಬದಿಗಿಡಬೇಕಾಯಿತು. 1916ರಲ್ಲಿ ಹುಟ್ಟಿದ ಆ ಸಂಸ್ಥೆ ಒಟ್ಟು ಬೋಧನೆಯಲ್ಲಿ ಕನಿಷ್ಠ ಶೇ 75ನ್ನು ಶಾಲೆಯ ಬದುಕಿನಲ್ಲಿ ಪೂರ್ತಿ ತೊಡಗಿಕೊಂಡ ಬೋಧಕರೇ ನಿರ್ವಹಿಸಬೇಕೆಂದು ಅಪೇಕ್ಷಿಸುತ್ತದೆ. ವಾರಾಂತ್ಯಕ್ಕೆಂದು ಬಂದು ಕಲಿಸಿ ಹೋಗುವ ಅರೆಕಾಲಿಕರ ಮೇಲೆ ನಿಂತ ಶಾಲೆಗೆ ಆ ಅಳತೆ ದೂರವೇ ಇತ್ತು. ಬೋಧನೆಗೆ ಒತ್ತು ಕೊಡುವ, 1988ರಲ್ಲಿ ಆರಂಭವಾದ ಎಸಿಬಿಎಸ್‌ಪಿ ಎಂಬ ಇನ್ನೊಂದು ಸಂಸ್ಥೆಯ ಮಾನ್ಯತೆಯನ್ನೇ ಮುಂದುವರಿಸುವುದೆಂದು ನಿರ್ಧಾರವಾಯಿತು. ವೈಯಕ್ತಿಕವಾಗಿ ಕೇಳಿದರೆ, ಶಾಲೆಯ ಸ್ವಭಾವಕ್ಕೆ ಅದೇ ಮೊದಲಿನಿಂದಲೂ ಹೊಂದುತ್ತಿತ್ತು ಎನ್ನುತ್ತೇನೆ.

ಉಳಿದ ವಿದ್ಯಾರ್ಥಿಗಳೊಂದಿಗೆ ಕಾರ್ಯಕ್ರಮ ಚಿಕ್ಕದಾಗಿ ನಡೆಯಿತು. ಬೋಧಕರ ಸಂದರ್ಶನ ಎಂಬುದು ಕಾಗದದ ಮೇಲೆ ಕಾವಲಿನಂತೆ ಕಂಡರೂ, ನಡೆದಾಗ ಬೇರೆಯೇ ಆಯಿತು. ಸರಬರಾಜು ಸರಪಳಿ ಕಲಿಸುವವರು ಮೊದಲ ಸಲ ತಮ್ಮ ವಿದ್ಯಾರ್ಥಿಗಳು ದೊಡ್ಡ ಚಿಲ್ಲರೆ ಮಾರಾಟ ಕಂಪನಿಗಳ ಗೋದಾಮಿನ ತಂತ್ರಾಂಶವನ್ನು ಒಳಗಿನಿಂದ ಬಲ್ಲವರೆಂದು ತಿಳಿದು, ಪಠ್ಯದ ಒಂದು ಭಾಗವನ್ನು ಅವರಿಂದಲೇ ಕಲಿಸಿದರು. ಆದಾಯದ ವಿಷಯದಲ್ಲಿ ಟ್ರಸ್ಟಿಗಳು ಒಂದು ನಿಯಮ ಮಾಡಿದರು: ವಾರಾಂತ್ಯದ ಎಂಬಿಎಯ ಉಳಿಕೆಯಿಂದ ಕಾಯಂ ಹುದ್ದೆಗಳನ್ನು ಸೃಷ್ಟಿಸುವಂತಿಲ್ಲ, ಅದು ಕಟ್ಟಡ ದುರಸ್ತಿ, ವಿದ್ಯಾರ್ಥಿ ನೆರವು, ಮೀಸಲು ನಿಧಿಗೆ ಮಾತ್ರ. 2025ರ ಬೇಸಿಗೆಯಲ್ಲಿ ಅಮೆರಿಕ ಹೊಸ ವಿದ್ಯಾರ್ಥಿ ವೀಸಾ ಸಂದರ್ಶನಗಳನ್ನು ಕೆಲವು ವಾರ ನಿಲ್ಲಿಸಿದಾಗ ಅನೇಕ ವಿಶ್ವವಿದ್ಯಾಲಯಗಳು ತತ್ತರಿಸಿದವು. ದೇಶದೊಳಗೆ ಈಗಾಗಲೇ ಇರುವವರನ್ನೇ ಸೇರಿಸಿಕೊಳ್ಳುವ ಈ ಶಾಲೆಗೆ ಆ ಪೆಟ್ಟು ಬೀಳಲಿಲ್ಲ. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಹೊಸ ಎಚ್-1ಬಿ ಅರ್ಜಿಗಳಿಗೆ 1,00,000 ಡಾಲರ್ ಶುಲ್ಕದ ಘೋಷಣೆ ಹೊರಬಿದ್ದಾಗ ಮಾತ್ರ ವಿದ್ಯಾರ್ಥಿಗಳ ಕಂಗಾಲು ಕರೆಗಳು ವಾರವಿಡೀ ಕಚೇರಿಗೆ ಬಂದವು. ಶಾಲೆಯ ಬದುಕು ಯಾವ ದಾರದಲ್ಲಿ ತೂಗುತ್ತಿದೆ ಎಂಬುದು ಆಗಲಾದರೂ ಟ್ರಸ್ಟಿಗಳಿಗೆ ಹೆಸರು ಹೇಳಿ ಚರ್ಚಿಸಬಹುದಾದ ವಿಷಯವಾಗಿತ್ತು.

ನಿಬಂಧ ಬರೆದ ತರುಣ ವಕೀಲರ ಸಲಹೆಯಂತೆ ಆ ಕೆಲಸ ಬಿಟ್ಟು, ಒಂದು ಅವಧಿ ಓದು ಮಾತ್ರ ಮುಂದುವರಿಸಿ, ಮುಂದಿನ ಲಾಟರಿಯಲ್ಲೂ ಹೆಸರು ಬಾರದೆ ಬೆಂಗಳೂರಿಗೆ ಮರಳಿದರು. ಈಗ ಅಮೆರಿಕದ ಬ್ಯಾಂಕೊಂದರ ಬೆಂಗಳೂರು ಕೇಂದ್ರದಲ್ಲಿ ಕೆಲಸ. ಎಂಬಿಎಗೆ ಸುರಿದ ಹಣ ದಂಡ ಎಂದು ಅವರ ತಂದೆಯ ಅಭಿಪ್ರಾಯ. ಅವರದು ಸ್ವಲ್ಪ ಬೇರೆ, ಆದರೆ ತಂದೆಯ ಮಾತು ಪೂರ್ತಿ ತಪ್ಪೆಂದೂ ಅವರು ಹೇಳಲಿಲ್ಲ. ಪದವಿ ಮುಗಿಸಲು ಬಾಕಿ ಇರುವ ಎರಡು ಕೋರ್ಸುಗಳನ್ನು ಪೂರ್ತಿ ಆನ್‌ಲೈನ್‌ನಲ್ಲಿ, ಅರ್ಧ ಶುಲ್ಕಕ್ಕೆ, ಭಾರತದಿಂದಲೇ ಮುಗಿಸಲು ಶಾಲೆ ಅವರಂಥವರಿಗೆ ಅವಕಾಶ ಕೊಟ್ಟಿದೆ. ಊರಿಗೆ ಮರಳಿದವನಿಗೆ ವೀಸಾದ ಹಂಗಿಲ್ಲವಾದ್ದರಿಂದ ಆನ್‌ಲೈನ್ ಕೋರ್ಸಿನ ಮಿತಿಯೂ ಇಲ್ಲ ಎಂಬುದು ಅಷ್ಟು ವರ್ಷ ಯಾರಿಗೂ ಹೊಳೆದಿರಲಿಲ್ಲ. ಸೂಚಿಸಿದವರು ಸ್ಯಾಂಡ್‌ವಿಚ್ ಬದಲಿಸಿದ ಆ ಸಹಾಯಕಿ.

ಬಾಡಿಗೆಯ ಜಾಗದ ಕರಾರು ಮುಂದಿನ ವರ್ಷ ಮುಗಿಯುತ್ತದೆ. ನವೀಕರಿಸಬೇಕೇ, ಇಲ್ಲ ವಾರಾಂತ್ಯದ ತರಗತಿಗಳನ್ನು ಮೂಲ ಆವರಣಕ್ಕೇ ತರಬೇಕೇ ಎಂಬುದು ಟ್ರಸ್ಟಿಗಳ ಮುಂದಿದೆ. ಆವರಣಕ್ಕೆ ತಂದರೆ ಬಾಡಿಗೆ ಉಳಿಯುತ್ತದೆ, ವಿದ್ಯಾರ್ಥಿಗಳಿಗೆ ಗ್ರಂಥಾಲಯವೂ ಬೋಧಕರೂ ಸಿಗುತ್ತಾರೆ, ಆದರೆ ಹತ್ತಿರದ ವಿಮಾನ ನಿಲ್ದಾಣ ಎರಡು ಗಂಟೆಯ ದಾರಿ ಮತ್ತು ಭಾನುವಾರ ಬೆಳಗಿನ ಪ್ರಶ್ನೆಗೆ ಈ ಸಲ ವ್ಯಾಖ್ಯಾನದ ಆಸರೆ ಇರುವುದಿಲ್ಲ. ಚಾಪ್ಲಿನ್‌ರ ಹಳೆಯ ಪತ್ರವನ್ನು ಸಭೆಯ ಕಾರ್ಯಸೂಚಿಗೆ ಲಗತ್ತಿಸಲಾಗಿದೆ. ಆ ಡೀನ್‌ರ ನಂತರ ಬಂದ ಹೊಸ ಡೀನ್ ಅದಕ್ಕೆ ಲಿಖಿತ ಉತ್ತರ ಸಿದ್ಧಪಡಿಸುತ್ತಿದ್ದಾರೆ.